ನನ್ನ ಹೆಸರಿಗಿರ್ಲಿ

ನಮ್ಮ ಕಡೂರಿನ ಕೊಬ್ಬರಿ ಸಾಹುಕಾರರನ್ನು ಅಣಕಿಸುವುದು ನನಗೆ ಬಲು ಸುಲಭವಾಗಿತ್ತು. ದೇವಸ್ಥಾನಕ್ಕೆ ಏನು ಬೇಕೆಂದರೂ ಎರಡು ಬೆರಳಲ್ಲಿ ಎದೆ ತಟ್ಟಿಕೊಂಡು, "ನನ್ನ ಹೆಸರಿಗಿರ್ಲಿ ಕಣ್ರೀ" ಎನ್ನುತ್ತಿದ್ದರು. ಗಂಟೆ, ಫ್ಯಾನು, ನೆಲದ ಗ್ರಾನೈಟು, ಶನಿವಾರದ ಅನ್ನದಾನ, ಎಲ್ಲ ಅವರ ಹೆಸರಿಗೇ. ನನ್ನ ಎದೆ ಅವರದ್ದರ ಅರ್ಧವೂ ಇಲ್ಲ. ಆದರೂ ನಾನು ತಟ್ಟಿಕೊಂಡರೆ ಅವರ ಹೆಂಡತಿಯೇ ನಗುತ್ತಿದ್ದರು.

ಹೃದಯದ ಆಪರೇಷನ್ನಿಗೆ ಹೊರಟ ಬೆಳಿಗ್ಗೆ ಅವರು ದೇವಸ್ಥಾನಕ್ಕೆ ಬಂದರು. ಪೂಜಾರಿಗಳು ವಾಡಿಕೆಯಂತೆ ಮಂಗಳಾರತಿಗೆ ಮುಂಚೆ ಅವರ ದಾನಗಳನ್ನೆಲ್ಲ ದೇವರಿಗೆ ಕೂಗಿ ಹೇಳತೊಡಗಿದರು.

"ಅದೆಲ್ಲ ಬ್ಯಾಡ ಸ್ವಾಮಿ," ಸಾಹುಕಾರರು ತಡೆದರು. "ಒಬ್ಬ ಬಂದವ್ನೆ, ಕೈಬಿಡಬ್ಯಾಡ ಅಂತ ಹೇಳಿ, ಸಾಕು."

"ಹೆಸರಾದ್ರೂ ಹೇಳ್ಬೇಡ್ವೇ?" ಪೂಜಾರಿಗಳು ತಬ್ಬಿಬ್ಬಾದರು.

"ಅವನಿಗೆ ಗೊತ್ತಿಲ್ವಾ?"

ಪಕ್ಕದಲ್ಲೇ ನಿಂತಿದ್ದ ನನ್ನ ಬಾಯಿ ಸುಮ್ಮನಿರಲಿಲ್ಲ. "ಏನ್ ಸಾಹುಕಾರ್ರೇ, ಇಷ್ಟೆಲ್ಲ ಕೊಟ್ಟು ಈಗ ಧರ್ಮದರ್ಶನದ ಸಾಲಲ್ಲಿ ನಿಲ್ತೀರಾ?"

"ಬೇರೆ ಸಾಲು ಐತೇನೋ?" ಎಂದವರು, ನನಗೇನಾದರೂ ಗೊತ್ತಿರಬಹುದೇನೋ ಎಂಬಂತೆ ನನ್ನ ಮುಖವನ್ನೇ ನೋಡಿದರು.

ಆಸ್ಪತ್ರೆಯಿಂದ ಅವರು ಜೀವಂತ ಬರಲಿಲ್ಲ. ಗೆಳೆಯರು "ಸಾಹುಕಾರ್ರುದ್ದು ಮಾಡಿ ತೋರ್ಸೋ" ಎಂದರೆ ಈಗಲೂ ಎದೆ ತಟ್ಟಿಕೊಳ್ಳುತ್ತೇನೆ. ಆಮೇಲೆ ಅವರ ಯಾವ ಮಾತನ್ನು ಆಡಬೇಕೋ ತಿಳಿಯದೆ ಕೈ ಅಲ್ಲೇ ನಿಲ್ಲುತ್ತದೆ.