ಸೀರೆಯ ಮೇಲೆ ಒಣಗಿದ ಕಾಗದಗಳು

೧೯೭೪ರಲ್ಲಿ ಎಂಟನೇ ಕ್ಲಾಸಿಗೆ ಓದು ಬಿಟ್ಟೆ. ನಲ್ಲಿ, ಪೈಪಿನ ಕೆಲಸ ಕಲಿತೆ. ಹೆಂಡತಿಯ ಅಣ್ಣ, ಡಾಕ್ಟರು, ನಮ್ಮನ್ನು ಹ್ಯೂಸ್ಟನ್ನಿಗೆ ಕರೆಸಿಕೊಂಡ ಮೇಲೂ ಅದೇ ಕೆಲಸ ಹಿಡಿದೆ. ಯಾರ ಬಾಗಿಲಲ್ಲೂ ಕೈಕಟ್ಟಿ ನಿಲ್ಲಲಿಲ್ಲ.

ಹ್ಯೂಸ್ಟನ್ನಿಗೆ ಅಂಟಿಕೊಂಡಿರುವ ಮಿಸೌರಿ ಸಿಟಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಇಂಗ್ಲೆಂಡಿನವರು; ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕನನ್ನು ಮದುವೆಯಾಗಿ ಟೆಕ್ಸಸ್‌ಗೆ ಬಂದವರು. ೧೯೯೯ರ ಬೇಸಿಗೆಯಲ್ಲಿ ಅವರ ಗ್ಯಾರೇಜಿನ ವಾಟರ್ ಹೀಟರ್ ಒಡೆಯಿತು. ಓಡಿಹೋಗಿ ನೀರು ನಿಲ್ಲಿಸಿದೆ. ಅಷ್ಟರಲ್ಲಿ ನೀರು ನಡುಮನೆಯ ತನಕ ಹರಿದಿತ್ತು. ಆಕೆಗೆ ಅದರ ಚಿಂತೆಯೇ ಇಲ್ಲ. ತೊಟ್ಟಿಕ್ಕುತ್ತಿದ್ದ ಶೂ ಡಬ್ಬವೊಂದನ್ನು ಎದೆಗವಚಿಕೊಂಡು ನಿಂತಿದ್ದರು.

ಅದರಲ್ಲಿದ್ದದ್ದು ಯುದ್ಧಕಾಲದಲ್ಲಿ ಆಕೆ ದೂರದೂರಿನ ಕಾರ್ಖಾನೆಯಲ್ಲಿದ್ದಾಗ ತಾಯಿ ಬರೆದ ಕಾಗದಗಳಂತೆ. ಆಮೇಲೆ ಬಾಂಬು ಬಿದ್ದು ಮನೆಯೂ ಹೋಯಿತು, ತಾಯಿಯೂ ಹೋದರು. ಒಂದು ಫೋಟೋ ಕೂಡ ಉಳಿದಿರಲಿಲ್ಲ. ಆಕೆ ಉಗುರಿನಿಂದ ಅಂಟಿಕೊಂಡ ಹಾಳೆ ಬಿಡಿಸಲು ಹೋದರು, ಮೂಲೆ ಹರಿಯಿತು. ಆಕೆಯನ್ನು ಡಬ್ಬದ ಸಮೇತ ನಮ್ಮ ಮನೆಗೆ ಕರೆತಂದೆ. ಅಂಗಳದ ಬಿಸಿಲಿಗೆ ಇಡೋಣವೆಂದೆ.

"ಸಂಡಿಗೆ ಅಂದ್ಕೊಂಡ್ರಾ?" ಎಂದಳು ಹೆಂಡತಿ. "ಈ ಬಿಸಿಲಿಗೆ ಸುರುಟಿ ಹೋಗುತ್ತೆ. ಇದು ಹಪ್ಪಳದ ಲೆಕ್ಕ. ಹಸೀದು ಎಳೆದ್ರೆ ಹರಿಯುತ್ತೆ, ಅರ್ಧ ಆರಿದ್ಮೇಲೆ ತಾನೇ ಬಿಟ್ಕೊಳುತ್ತೆ. ಫ್ಯಾನ್ ತನ್ನಿ, ಕಂಬದ ಥರ ನಿಂತ್ಕೋಬೇಡಿ."

ಹಳೆಯ ಕಾಟನ್ ಸೀರೆಯನ್ನು ನೆಲಕ್ಕೆ ಹಾಸಿ ಕಂತೆಗಳನ್ನು ಬಿಡಿಬಿಡಿಯಾಗಿ ಇಟ್ಟಳು. ಅಜ್ಜಿ ಮತ್ತೆ ಕೈಚಾಚಿದರು. ಹೆಂಡತಿ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಗದರಿದಳು:

"ನೋ ಟಚಿಂಗ್, ಆಂಟಿ!"

ಆಕೆ ಸ್ಕೂಲ್ ಹುಡುಗಿಯಂತೆ ಕೈ ಹಿಂದಕ್ಕೆಳೆದುಕೊಂಡರು. ಲಕೋಟೆಗಳ ಮೇಲಿನ ಶಾಯಿಯೆಲ್ಲ ಹರಡಿ ನೀಲಿಯಾಗಿತ್ತು. ಒಳಗೂ ಹೀಗೇ ಆಗಿದ್ದರೆ?

ಸಂಜೆ ಹೆಂಡತಿ ಒಂದು ಹಾಳೆಯ ಕೆಳಗೆ ಬೆರಳು ತೂರಿಸಿದಳು. ಅಂಚಿನಿಂದ ಎದ್ದು ಬಂತು. ಸದ್ಯ, ಒಳಗೆ ತಾಯಿ ಬರೆದದ್ದು ಪೆನ್ಸಿಲಿನಲ್ಲಿ! ಒಂದಕ್ಷರವೂ ಕದಲಿರಲಿಲ್ಲ. ಅಜ್ಜಿ ಕನ್ನಡಕ ಏರಿಸಿ ಓದಿದರು. ಕೋಳಿ ಇವತ್ತೂ ಮೊಟ್ಟೆಯಿಟ್ಟಿಲ್ಲ, ಭಾನುವಾರದ ತನಕ ಗಡುವು ಕೊಟ್ಟಿದ್ದೇನೆ. ಮೀನಿಗೆ ಸಾಲು ನಿಂತೆ, ನನ್ನ ಸರದಿ ಬರುವಾಗ ಬಾಲ ಮಾತ್ರ ಉಳಿದಿತ್ತು. ಪಕ್ಕದ ಮನೆಯವಳು ವಿಮಾನಕ್ಕೆ ಬೆಳಕು ಕಾಣದಿರಲೆಂದು ಕಿಟಕಿಗೆ ಕಟ್ಟುವ ಕಪ್ಪು ಬಟ್ಟೆಯಲ್ಲೇ ಲಂಗ ಹೊಲಿದುಕೊಂಡಿದ್ದಾಳೆ.

ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಹೆಂಡತಿ, "ಅಯ್ಯೋ, ನಮ್ಮತ್ತೆ ಬರೆದಂಗಿದೆ! ಅಷ್ಟು ದೊಡ್ಡ ಯುದ್ಧ, ಸುದ್ದಿ ಎಲ್ಲಾ ಪಕ್ಕದ ಮನೇದು!" ಎಂದಳು. ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಅಜ್ಜಿ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಅಲ್ಲಿಯ ತನಕ ಕೂರದಿದ್ದವನು ನಾನು, ಆಗ ಕೂತು ಕಾಫಿ ಕೇಳಿದೆ.

ಡಬ್ಬದ ತಳಕ್ಕಂಟಿದ್ದ ಒಂದೆರಡು ಹಾಳೆ ಹೋದವು. ಮಿಕ್ಕಿದ್ದೆಲ್ಲ ಉಳಿಯಿತು. ಮುಂದೆ ಆಕೆ ಕಾಪೆಲ್ ಎಂಬ ದೂರದ ಊರಿಗೆ, ಮಗಳ ಮನೆಗೆ ಶಿಫ್ಟ್ ಆದಾಗ ಕಾಗದಗಳನ್ನು ಲಾರಿಗೆ ಹಾಕದೆ ತೊಡೆಯ ಮೇಲಿಟ್ಟುಕೊಂಡೇ ಹೋದರು. ಹೊರಡುವ ಮುಂಚೆ ಕೋಳಿಯ ಕಾಗದದ ಜೆರಾಕ್ಸ್ ಮಾಡಿಸಿ ನನ್ನ ಹೆಂಡತಿಯ ಕೈಗಿತ್ತರು.

ಈಗ ನನಗಿರುವುದು ಸ್ವಂತ ಮನೆ ಒಂದು, ವ್ಯಾನು ಎರಡು, ಕೈಕೆಳಗೆ ಕೆಲಸದವರು ಮೂವರು, ಫ್ರಿಜ್ಜಿನ ಬಾಗಿಲ ಮೇಲೆ ಆ ಕಾಗದ ಒಂದು.