ಎರಡು ಇಟ್ಟಿಗೆ ನಡುವೆ ಅತ್ತೆ

ನನಗಾಗ ಐವತ್ತೆರಡು. ಹದಿನೆಂಟು ವರ್ಷ ಆಯ್ತು. ನೆನೆಸ್ಕೊಂಡ್ರೆ ಈಗಲೂ ಮುಖ ಬಿಸಿಯಾಗ್ತದೆ.

ಬಾಣಂತನ ಮುಗಿದಿತ್ತು. ಮಗಳನ್ನೂ ಕೂಸನ್ನೂ ಕರ್ಕೊಂಡು ಹೋಗೋಕೆ ಅಳಿಯ ಕೊಳ್ಳೇಗಾಲದಿಂದ ನಮ್ಮೂರು ಅಗರಕ್ಕೆ ಬಂದಿದ್ದ. ನಾನು ಕಳಿಸಲ್ಲ ಅಂದಿದ್ದೆ. ಯಾಕೆ? ಅವನಿಗೆ ಬಾಯೇ ಇಲ್ಲ, ಸಂಸಾರ ಹೆಂಗೆ ತೂಗಿಸ್ತಾನೆ ಅಂತ. (ಇದನ್ನ ಅವನಿಗೇ ಹೇಳಲಿಲ್ಲ. ನಮ್ಮಲ್ಲಿ ಅತ್ತೆ ಅಳಿಯ ಎದುರೆದುರು ಮಾತಾಡಲ್ಲ. ಮಗಳಿಗೆ ಹೇಳೋದು, ಅವನಿಗೆ ಕೇಳಿಸೋ ಹಾಗೆ.)

ಬೆಳಿಗ್ಗೆ ಎದ್ದು ನೋಡ್ತೀನಿ, ಅಂಗಳದಲ್ಲಿ ಎರಡು ಇಟ್ಟಿಗೆ ಇಟ್ಟು, ಒಂದೊಂದರ ಮೇಲೂ ಒಂದೊಂದು ಕೈ ಊರಿ ದಂಡ ಹೊಡೀತಿದ್ದಾನೆ. ಎದೆ ಇಟ್ಟಿಗೆ ದಾಟಿ ನೆಲದವರೆಗೂ ಇಳೀತದೆ.

"ನಿನ್ ಗಂಡುಂಗೆ ಬರೀ ನೆಲ ಸಾಲ್ದಾ?" ಅಂದೆ ಮಗಳಿಗೆ.

"ಇಟ್ಗೆ ಇದ್ರೆ ಇನ್ನೂ ಕೆಳಕ್ಕೆ ಓಗ್ಬೋದು ಕಣವ್ವ. ಎದೆ ಅಗ್ಲಾಯ್ತದಂತೆ."

"ಕೆಳಕ್ಕೋಗಾದು ಒಂದು ಕಸ್ಬಾ? ಎದೆ ಅಗ್ಲ ಮಾಡ್ಕಂಡು ಎಂಡ್ರು ಸಾಕ್ದೋರುಂಟಾ?"

ಅವನಿಗೆ ಕೇಳಿಸ್ತು. ಮುಖ ಒರೆಸ್ಕೊಂಡು ಹೊರಗೆ ಹೋದ.

ಮಗಳೂ ಕೂಸನ್ನೆತ್ಕೊಂಡು ಪಕ್ಕದ ಮನೆಗೆ ಹೋದಳು. ನಾನೊಬ್ಬಳೇ. ಇಟ್ಟಿಗೆ ಅಲ್ಲೇ ಇದ್ವು. (ಒಬ್ಬರೇ ಇದ್ದಾಗ ನೀವೇನೇನು ಮಾಡ್ತೀರೋ, ನನಗೇನು ಗೊತ್ತು?) ಸೀರೆ ಕಚ್ಚೆ ಕಟ್ಟಿ, ಕೈ ಊರಿ ಇಳಿದೆ. ಇಳಿಯೋದೇನೋ ಸಲೀಸು. ಇಟ್ಟಿಗೆ ದಾಟಿ ಇನ್ನೂ ಇಳಿದೆ. ಅಲ್ಲಿ ರಟ್ಟೆ ಹಿಡ್ಕೊಂತು. ಮೂಗು ಮಣ್ಣಲ್ಲಿ. ಯಾವ ಕಡೆ ಹೊರಳಿದ್ರೂ ಪ್ರಾಣ ಹೋಗೋ ನೋವು.

ಆಗಲೇ ಬಾಗಿಲಲ್ಲಿ ಚಪ್ಪಲಿ ಸದ್ದು. ಅಳಿಯ!

ನಾನು ಕರೆಯೋ ಹಾಗಿಲ್ಲ. ಅವನು ಮುಟ್ಟೋ ಹಾಗಿಲ್ಲ. ಒಂದು ಗಳಿಗೆ ನಿಂತ. ಆಮೇಲೆ ನನಗೆ ಬೆನ್ನು ಮಾಡಿ, ಗೂಟದಲ್ಲಿದ್ದ ಹಸುಗೆ ಹೇಳಿದ:

"ಗೌರಿ, ಮೊದ್ಲು ಮಂಡಿ ಊರವ್ವ. ಅವಸ್ರ ಬ್ಯಾಡ. ಉಸ್ರು ಬುಡು. ಈಗ ಕೈ ಇಟ್ಗೆಯಿಂದ ಕೆಳಕ್ಕೆ ಜಾರ್ಸು. ಆಂ, ಈಗ ಏಳು."

ಹಸು ಮೆಲುಕು ಹಾಕ್ತಿತ್ತು. ಅವನಂದ ಹಾಗೇ ಮಾಡಿ ನಾನೆದ್ದೆ. ಅವನು ತಿರುಗಿ ನೋಡಲಿಲ್ಲ.

ಸಾಯಂಕಾಲ ಮಗಳು, "ಯಾಕವ್ವ, ಎಡಗೈಲಿ ಮುದ್ದೆ ತಿರುವ್ತಿದ್ದೀಯ?" ಅಂದಳು. ಅಳಿಯ ಅಲ್ಲೇ ಕೂತಿದ್ದ. ಈಗ ಬಾಯಿ ಬಿಡ್ತಾನೆ, ಇಬ್ಬರೂ ನಗ್ತಾರೆ ಅಂತ ಕಾದೆ.

"ಬಾವಿ ಅಗ್ಗ ಎಳ್ದು ಇಡ್ಕಂಡಿರ್ಬೇಕು. ಎಣ್ಣೆ ಉಜ್ಜು," ಅಂದ ಹೆಂಡತಿಗೆ. ಅಷ್ಟೇ.

ನಾನಾಗಿದ್ರೆ? ಬಸ್ ಸ್ಟಾಪಲ್ಲಿ ನಿಂತು ಊರಿಗೆಲ್ಲ ಹೇಳಿ ನಗ್ತಿದ್ದೆ. ಅದು ನನಗೇ ಗೊತ್ತಾಗಿ, ಊಟಕ್ಕೆ ಕೂತಾಗ ತಟ್ಟೆಯಿಂದ ತಲೆ ಎತ್ತೋಕಾಗಲಿಲ್ಲ.

ಮಾರನೆ ಬೆಳಿಗ್ಗೆ ಕೂಸನ್ನ ನೇರ ಅವನ ಕೈಗೇ ಕೊಟ್ಟು, "ಬಸ್ಸಲ್ಲಿ ಕಿಟ್ಕಿ ಪಕ್ಕ ಕೂರ್ಬ್ಯಾಡ ಕಣಪ್ಪ, ಮಗೀಗೆ ಗಾಳಿ ಒಡೀತದೆ" ಅಂದೆ.