ಮುಚ್ಚಿದ ಬಿಲ

ಆ ಊರಿನಲ್ಲಿ ಇದ್ವಲ್ ಎಂಬ ಹೆಸರಿನವರು ಮೂವರಿದ್ದರು: ಬ್ರೆಡ್ಡಿನ ಇದ್ವಲ್, ಟಪಾಲಿನ ಇದ್ವಲ್, ಮೊಲದ ಇದ್ವಲ್. ವೇಲ್ಸಿನ ಹಳ್ಳಿಗಳಲ್ಲಿ ಹೀಗೇ. ಇರುವ ನಾಲ್ಕು ಹೆಸರುಗಳನ್ನೇ ಎಲ್ಲರೂ ಹಂಚಿಕೊಂಡಿರುವುದರಿಂದ ಮನುಷ್ಯನ ಕಸುಬನ್ನು ಅವನ ಕೊರಳಿಗೆ ಕಟ್ಟಿಬಿಡುತ್ತಾರೆ. ಮೊಲ ಹಿಡಿಯುವ ಇದ್ವಲ್‌ಗೆ ಅದರಿಂದ ಬೇಸರವಿರಲಿಲ್ಲ. ಬೇಸರವಿದ್ದದ್ದು ಹೆಂಡತಿ ಲೌರಿಗೆ.

"ಪ್ರಾರ್ಥನೆಗೆ ಹೋದ್ರೆ ಚಾಪೆಲ್‌ನಲ್ಲಿ ನನ್ನನ್ನೂ ಮೊಲದ ಲೌರಿ ಅಂತಾರೆ. ನಂಗೇನು ಉದ್ದ ಕಿವಿ ಇದ್ಯಾ?"

"ಕಿವಿ ಇಲ್ಲ, ಹಲ್ಲಿದ್ಯಲ್ಲ," ಎಂದು ಅವನು ನಗುತ್ತಿದ್ದ.

ಅವನಿಗೆ ಎರಡು ಟೆರಿಯರ್ ನಾಯಿಗಳಿದ್ದವು. ತಾಯಿ ನೆಲ್, ಮಗಳು ಪುಟ್. ಪುಟ್ ಎಂದರೆ ಅಲ್ಲಿನ ಭಾಷೆಯಲ್ಲಿ ಗಿಡ್ಡಿ, ಅವಳು ಇದ್ದದ್ದೂ ಹಾಗೇ. ಮುಳ್ಳುಪೊದೆಗೂ ಬಿಲಕ್ಕೂ ನುಗ್ಗಿ ಮೊಲವನ್ನು ಹೊರಗೋಡಿಸುವುದು ಪುಟ್‌ಳ ಕೆಲಸ. ನೆಲ್‌ಗೆ ವಯಸ್ಸಾಗಿತ್ತು. ಅವಳು ಬಿಲದಿಂದ ಬಿಲಕ್ಕೆ ಮೂಸುತ್ತ ಹೋಗಿ, ಒಳಗೆ ಜೀವವಿರುವ ಕಡೆ ಒಂದು ಮುಂಗಾಲೆತ್ತಿ ನಿಲ್ಲುತ್ತಿದ್ದಳು. ಖಾಲಿ ಬಿಲದ ಮುಂದೆ ಅವಳು ಕಾಲೆತ್ತಿದ್ದನ್ನು ಯಾರೂ ಕಂಡಿಲ್ಲ. ಇದ್ವಲ್ ಅಲ್ಲಿ ಬಲೆ ಹಾಸುತ್ತಿದ್ದ. ಬಿದ್ದ ಮೊಲದ ಹಿಂಗಾಲು ಒಂದು ಕೈಯಲ್ಲಿ, ಕತ್ತು ಇನ್ನೊಂದರಲ್ಲಿ, ಒಂದೇ ಎಳೆತ. ಮೊಲಕ್ಕೆ ಕಿರುಚಲೂ ಪುರುಸೊತ್ತಿರುತ್ತಿರಲಿಲ್ಲ. ಅವನಪ್ಪ ಹಲ್ಲಿರುವ ಕಬ್ಬಿಣದ ಬೋನು ಇಡುತ್ತಿದ್ದವನು. ಬೆಳಗಿನವರೆಗೂ ಕಾಲು ಸಿಕ್ಕಿಕೊಂಡು ಮೊಲಗಳು ಅರಚುವುದನ್ನು ಕೇಳುತ್ತ ಬೆಳೆದ ಮಗನಿಗೆ ಕೊಲ್ಲುವುದು ತಪ್ಪೆನಿಸಿರಲಿಲ್ಲ, ನರಳಿಸುವುದು ಮಾತ್ರ ಪಾಪವೆನಿಸಿತ್ತು.

1954ರ ಬೇಸಿಗೆಯಲ್ಲಿ ಮೊಲಗಳಿಗೆ ರೋಗ ಬಂತು. ಮುಖ ಊದಿ, ಕಣ್ಣು ಕೀವುಗಟ್ಟಿ, ಕುರುಡಾಗಿ ರಸ್ತೆಯ ನಡುವೆಯೇ ಕೂತಿರುತ್ತಿದ್ದವು. ಮೊಲ ಮೇಯದ ಹುಲ್ಲು ಮೊಣಕಾಲೆತ್ತರ ಬೆಳೆದದ್ದು ನೋಡಿ ರೈತರಿಗೆ ಹಬ್ಬವೋ ಹಬ್ಬ. ಯುದ್ಧದ ಕಾಲದಲ್ಲಿ ಬೇರೆ ಮಾಂಸ ಸಿಗದೆ ಇದೇ ಮೊಲದ ಸಾರನ್ನು ಬಟ್ಟಲು ನೆಕ್ಕಿ ಉಂಡವರು ಇವರೇ! ಹೊಟ್ಟೆ ತುಂಬಿದ ಮೇಲೆ ಯಾರಿಗೆ ಏನು ನೆನಪಿರುತ್ತದೆ?

ಇದ್ವಲ್ ಮಾತ್ರ ದಿನಾ ಬೆಳಿಗ್ಗೆ ನಾಯಿಗಳೊಂದಿಗೆ ಹೋಗಿ, ನರಳುವ ಮೊಲಗಳನ್ನು ಹುಡುಕಿ ಹುಡುಕಿ ಮುಗಿಸಿ ಬರುತ್ತಿದ್ದ.

"ಅವನ್ನ ಯಾರೂ ತಿನ್ನಲ್ಲ, ಯಾರೂ ಕೊಳ್ಳಲ್ಲ. ಮತ್ಯಾಕೆ ಹೋಗ್ತೀಯ?" ಎಂದಳು ಲೌರಿ.

"ನಾನೂ ಹೋಗ್ದಿದ್ರೆ ಅವಕ್ಕೆ ಇನ್ಯಾರು ಗತಿ?"

ಆದರೆ ಮನುಷ್ಯ ಸೋಲುತ್ತಿದ್ದ. ಊಟ ಸೇರುತ್ತಿರಲಿಲ್ಲ. ಕೈ ತೊಳೆದದ್ದೇ ತೊಳೆದದ್ದು.

ಆಗಸ್ಟಿನಲ್ಲಿ ಪಕ್ಕದ ರೈತ ಗ್ವಿಲಿಮ್ ಬಂದ. "ಸತ್ತ ಮೊಲಗಳ ವಾಸನೆಗೆ ನನ್ ಹಸುಗಳು ಗುಡ್ಡದ ಕಡೆ ತಲೆನೇ ಹಾಕ್ತಿಲ್ಲ ಕಣಯ್ಯಾ. ಆ ಬಿಲಗಳ ಬಾಯಿ ಮುಚ್ಚಿಬಿಡು, ಪುಣ್ಯ ಬರುತ್ತೆ."

ಮರುದಿನ ಇದ್ವಲ್ ಬೆಳಿಗ್ಗೆಯಿಂದ ಮುಚ್ಚುತ್ತ ಬಂದ. ಕೊನೆಯ ಬಿಲದ ಹತ್ತಿರ ನೆಲ್ ಕಾಲೆತ್ತಿ ನಿಂತಳು. ಅವನು ಮಂಡಿಯೂರಿ ಕಿವಿ ಕೊಟ್ಟ. ಆಳದಲ್ಲಿ ಏನೋ ಕೆರೆಯುತ್ತಿತ್ತು. ಅಗೆಯಬೇಕು. ಅಗೆದರೆ ಅದೇ ಊದಿದ ಮುಖ, ಅದೇ ಕಣ್ಣು, ಮತ್ತೆ ಅದರ ಕತ್ತಿಗೆ ಕೈ ಹಾಕಬೇಕು.

"ಇವತ್ತಾಗಲ್ಲ ಕಣೇ ನೆಲ್. ಇನ್ನೊಂದು ನೋಡೋಕೆ ನನ್ ಕೈಲಾಗಲ್ಲ."

ನೆಲ್ ಕದಲಲಿಲ್ಲ. ಅವನತ್ತ ಗುರುಗುಟ್ಟಿ ಹಲ್ಲು ತೋರಿದಳು, ಹುಟ್ಟಿದಾಗಿನಿಂದ ಹಾಗೆ ಮಾಡಿದವಳಲ್ಲ. ಅವನು ಅವಳ ಕತ್ತಿನ ಚರ್ಮ ಹಿಡಿದು ಪಕ್ಕಕ್ಕೆಳೆದು, ಸಲಿಕೆಯಿಂದ ಮಣ್ಣು ತುಂಬಿ, ಬೂಟಿನಿಂದ ತುಳಿದು ಗಟ್ಟಿ ಮಾಡಿದ. ಪುಟ್ ಕಾಣಿಸಲಿಲ್ಲ. ಮಧ್ಯಾಹ್ನವಾದರೆ ಬ್ರೆಡ್ಡಿನ ಚೂರಿನ ಆಸೆಗೆ ಲೌರಿಯ ಹತ್ತಿರ ಓಡುವುದು ಅವಳ ಚಾಳಿ. ಅವನು ನೆಲ್‌ಗೆ ಹಗ್ಗ ಕಟ್ಟಿ ದರದರ ಎಳೆದುಕೊಂಡು ಮನೆಗೆ ಬಂದ.

ಲೌರಿ ಬಾಗಿಲಲ್ಲೇ ಕೇಳಿದಳು. "ಪುಟ್ ಎಲ್ಲಿ?"

"ಅವಳು ಇಲ್ಲಿಗೆ ಬರ್ಲಿಲ್ವಾ?"

ಅವಳ ಉತ್ತರಕ್ಕೂ ಅವನು ಕಾಯಲಿಲ್ಲ. ಸಲಿಕೆ ಹಿಡಿದು ಗುಡ್ಡ ಹತ್ತಿ ಓಡುತ್ತಿದ್ದವನನ್ನು ಕಂಡು ಗ್ವಿಲಿಮ್‌ನೂ ಗುದ್ದಲಿ ಹಿಡಿದು ಹಿಂದೆಯೇ ಬಂದ. ಆ ಕೊನೆಯ ಬಿಲವನ್ನು ಸ್ವಲ್ಪ ಅಗೆದ ಮೇಲೆ, ಎಲ್ಲಿ ಪುಟ್‌ಗೆ ತಗಲುತ್ತದೋ ಎಂದು ಇದ್ವಲ್ ಸಲಿಕೆ ಬಿಸಾಡಿ ಕೈಯಲ್ಲೇ ಮಣ್ಣು ಬಗೆದ. ಬಿಲದ ಮಾಡು ಪುಟ್‌ಳ ಬೆನ್ನಿನ ಮೇಲೆ ಕುಸಿದಿತ್ತು. ಅವನು ತುಳಿದು ಮುಚ್ಚಿದ ಬಾಯಿಯ ಕಡೆಗೇ ಅವಳ ಮೂತಿಯಿತ್ತು. ಮೈ ಇನ್ನೂ ಬಿಸಿಯಿತ್ತು, ಉಸಿರಿರಲಿಲ್ಲ.

ಅವಳ ಆಚೆಗೆ ಒಂದು ಮೊಲ. ಕುರುಡು, ರೋಗದ್ದು, ಇನ್ನೂ ಬದುಕಿತ್ತು. ಇದ್ವಲ್ ಮೊದಲು ಅದನ್ನು ಎತ್ತಿಕೊಂಡು ಒಂದೇ ಎಳೆತಕ್ಕೆ ಬಿಡುಗಡೆ ಮಾಡಿದ. ಆಮೇಲೆ ಪುಟ್‌ಳನ್ನು ತೊಡೆಯ ಮೇಲೆ ಹಾಕಿಕೊಂಡು, ಬೆರಳು ಎಂಜಲು ಮಾಡಿ ಅವಳ ಕಣ್ಣಿನ ಮಣ್ಣು ಒರೆಸುತ್ತ ಕೂತ.

ಗ್ವಿಲಿಮ್ ಟೋಪಿ ತೆಗೆದ. "ಒಳಗೆ ಅವಳಿದ್ದಾಳೆ ಅಂತ ನಿಂಗೇನು ಕನಸು ಬಿದ್ದಿತ್ತಾ? ಮನಸ್ಸಿಗೆ ಹಚ್ಕೋಬೇಡ ಕಣೋ."

ಮನೆಯಲ್ಲಿ ಲೌರಿಯೂ ಅದನ್ನೇ ಹೇಳಿದಳು. ಅಳುತ್ತಳುತ್ತಲೇ ಚಹಾ ತಂದಿಟ್ಟು, ಗಂಡನ ಬೆನ್ನು ಸವರಿದಳು. "ನಿಂಗೆ ಗೊತ್ತಿರ್ಲಿಲ್ಲ, ಇದ್ವಲ್. ಗೊತ್ತಿದ್ರೆ ಮುಚ್ತಿದ್ಯಾ?"

ಅವನು ತನ್ನ ಕೈಗಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲೆಲ್ಲ ಮಣ್ಣಿತ್ತು.

"ಪುಟ್ ಇದ್ದಾಳೆ ಅಂತ ಗೊತ್ತಿರ್ಲಿಲ್ಲ," ಎಂದ. "ಜೀವ ಇದೆ ಅಂತ ಗೊತ್ತಿತ್ತು, ಲೌರಿ. ಗೊತ್ತಿದ್ದೇ ಮುಚ್ಚಿದೆ."